ಮೂರು ನಿಮಿಷ ಮೂವತ್ತನಾಲ್ಕು ಸೆಕೆಂಡು
ಕಂತು ಏಳು

"ನೀವೇನೂ ಮುಟ್ಟಬೇಡಿ, ಅದಾಗೇ ನಿಲ್ಲುತ್ತೆ," ಎಂದಳು ಪ್ರೋಗ್ರಾಮರ್.

ಮೇಜಿನ ಮೇಲಿದ್ದ ಪುಟ್ಟ ಪ್ಲೇಯರ್ ಪೆಟ್ಟಿಗೆಯಿಂದ ಕಾದಂಬರಿಗಾರ್ತಿಯ ಕಂಠ ಹೊರಡುತ್ತಿತ್ತು. ಎಂಬತ್ತೆರಡು ವರ್ಷದ ಕಂಠ. ನಡುಗುತ್ತಿದ್ದರೂ ಅಪ್ಪಣೆ ಕೊಡುವುದನ್ನು ಬಿಟ್ಟಿರಲಿಲ್ಲ. "ಎಲ್ಲರೂ ಕೂತುಕೊಳ್ಳಿ. ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ. ಅವನ ಹೆಸರು..."

ಅಷ್ಟೇ. ಧ್ವನಿ ಪಟ್ಟನೆ ನಿಂತಿತು.

ಪತ್ತೇದಾರರ ಹೆಂಡತಿ ಕುರ್ಚಿಯ ತುದಿಗೆ ಬಂದು ಕೂತಿದ್ದವರು ಹಾಗೇ ಉಳಿದರು. ಇದು ಅವರು ಕೇಳುತ್ತಿರುವ ಐದನೆಯ ಸಲ. ಐದೂ ಸಲ ಈ ಬಾರಿ ಹೆಸರು ಬಂದೇ ಬರುತ್ತದೆ ಎಂದು ಅವರು ನಂಬಿದ್ದರು.

ಪತ್ತೇದಾರರು ಮಾತ್ರ ಅತ್ತ ಕಿವಿ ಕೊಟ್ಟಿರಲಿಲ್ಲ. ಕೊಡಲು ಅವರ ಬಳಿ ಕಿವಿ ಇರಲಿಲ್ಲ ಎನ್ನುವುದೇ ಸರಿ. ಬಲಗಿವಿ ಹತ್ತು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟಿತ್ತು. ಎಡಗಿವಿ ಹೆಂಡತಿಯ ದನಿಗೆ ಮಾತ್ರ ಕೆಲಸ ಮಾಡುತ್ತಿತ್ತು, ಅದೂ ಒಲ್ಲದ ಮನಸ್ಸಿನಿಂದ. ಉಳಿದವರ ಚಿಕ್ಕ ಮಾತುಗಳನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಅವರು ಕಣ್ಣು ನೆಟ್ಟಿದ್ದು ಕಂಪ್ಯೂಟರ್ ಪರದೆಯ ಮೇಲಿನ ಎರಡು ಅಂಕಿಗಳ ಮೇಲೆ.

ಬಲಗಡೆ 32:46. ಎಡಗಡೆ 29:12. ಎರಡರ ನಡುವೆ ಒಂದು ನೀಲಿ ಪಟ್ಟಿ, ತುದಿ ಮುಟ್ಟಲು ಒಂದು ಬೆರಳಗಲ ಬಾಕಿ ಇರುವಾಗಲೇ ಸುಸ್ತಾಗಿ ನಿಂತಿತ್ತು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಆ ಗ್ರಂಥಾಲಯದಲ್ಲಿ, ಹೊಸ ಕಾದಂಬರಿಯ ಕೊನೆಯ ಅಧ್ಯಾಯದಿಂದ ಕೊಲೆಗಾರನ ಹೆಸರೇ ಕಳೆದುಹೋಗಿ ಮೂರು ದಿನವಾಗಿತ್ತು. ಕಳ್ಳತನದ ಆರೋಪ ಬಿದ್ದಿದ್ದು ಪ್ಲೇಯರಿನ ಪ್ರೋಗ್ರಾಮ್ ಬರೆದ ಈ ಹುಡುಗಿಯ ತಲೆಯ ಮೇಲೆ.

"ನೋಡಿ, ನಿಮ್ಮ ಕಣ್ಣೆದುರೇ ನುಂಗಿತು," ಎಂದರು ಗ್ರಂಥಾಲಯದ ಮೇಲ್ವಿಚಾರಕರು. ಅವರ ಮುಖದಲ್ಲಿ ಮೂರು ದಿನದ ನಿದ್ದೆಗೇಡು ಇತ್ತು. "ಇನ್ನೂರ ನಲವತ್ತು ಪೆಟ್ಟಿಗೆ ಮನೆಮನೆಗೆ ಕೊಟ್ಟಿದ್ದೀವಿ. ಎಲ್ಲದರಲ್ಲೂ ಇದೇ ಕತೆ. ಬೆಳಿಗ್ಗೆಯಿಂದ ನಲವತ್ತು ಫೋನು. ಒಬ್ಬ ಅಜ್ಜನಿಗೆ ನಾಳೆ ಆಪರೇಷನ್. ಅರಿವಳಿಕೆ ಕೊಡೋಕೆ ಮುಂಚೆ ಕೊಲೆಗಾರ ಯಾರು ಅಂತ ತಿಳೀಲೇಬೇಕಂತೆ. ಇಲ್ಲದಿದ್ರೆ ಮೇಜಿನ ಮೇಲೆ ಮಲಗೋದೇ ಇಲ್ಲ ಅಂತ ಡಾಕ್ಟರ ಹತ್ರ ಹಟ ಹಿಡಿದಿದಾರೆ."

"ಪ್ಲೇಯರ್ ಯಾವುದನ್ನೂ ನುಂಗಲ್ಲ ಸಾರ್," ಎಂದಳು ಹುಡುಗಿ.

"ನಾಲ್ಕು ಗಂಟೆಗೆ ಆಡಳಿತ ಮಂಡಳಿ ಸಭೆ. ಅಷ್ಟರೊಳಗೆ ಮೂರೂವರೆ ನಿಮಿಷ ಸಿಗದಿದ್ರೆ ಎಲ್ಲ ಪೆಟ್ಟಿಗೆ ವಾಪಸು ತರಿಸ್ತೀನಿ. ನಿಮ್ಮನ್ನೂ ವಾಪಸು ಕಳಿಸ್ತೀನಿ."

ಹುಡುಗಿ ತಲೆ ತಗ್ಗಿಸಿದಳು. ಆ ಪೆಟ್ಟಿಗೆಗಾಗಿ ಅವಳು ಎರಡು ವರ್ಷ ಕೂತಿದ್ದಳು. ಬೆರಳಿಗೆ ತಿಳಿಯಲೆಂದು ಪ್ರತಿ ಗುಂಡಿಯ ಆಕಾರವನ್ನೂ ಬೇರೆ ಮಾಡಿಸಿದ್ದಳು. ಅವಳ ದೊಡ್ಡಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಮೊದಲ ಪೆಟ್ಟಿಗೆ ಹೋದದ್ದು ಅವರ ಮಡಿಲಿಗೆ.

ಪತ್ತೇದಾರರು ಬೆರಳಿನಿಂದ ಪರದೆಯನ್ನು ತಟ್ಟಿದರು. "ಈ ಎರಡು ಅಂಕಿ ಎಲ್ಲಿಂದ ಬಂತು, ಅದನ್ನ ಹೇಳಮ್ಮ."

"ಪ್ಲೇಯರ್ ಫೈಲನ್ನ ಎರಡು ಪ್ರಶ್ನೆ ಕೇಳುತ್ತೆ. ನೀನು ಒಟ್ಟು ಎಷ್ಟು ಉದ್ದ ಅಂತ ಒಂದು. ಈಗ ಎಲ್ಲಿದ್ದೀಯ ಅಂತ ಇನ್ನೊಂದು. ಮೊದಲನೇದರ ಉತ್ತರ ಫೈಲಿನ ತಲೆಯಲ್ಲೇ ಬರೆದಿಟ್ಟಿರುತ್ತೆ, ಪ್ಲೇಯರ್ ಅದನ್ನ ಓದಿ ಹೇಳುತ್ತೆ. ಎರಡನೇದು ನಿಜವಾಗಿ ಎಷ್ಟು ಓಡಿದೆ ಅನ್ನೋ ಲೆಕ್ಕ. ಮಿಲಿಸೆಕೆಂಡಲ್ಲಿ ಬರುತ್ತೆ. ನಾನು ಸಾವಿರದಿಂದ ಭಾಗಿಸಿ ನಿಮಿಷ, ಸೆಕೆಂಡು ಮಾಡಿ ತೋರಿಸ್ತೀನಿ."

ಹೆಂಡತಿ ಗಂಡನ ಎಡಗಿವಿಗೆ ಬಾಗಿ ಅನುವಾದಿಸಿದರು. "ಎಷ್ಟು ಉದ್ದ ಅಂತ ಕೇಳಿದ್ರೆ ತಲೆಯಲ್ಲಿರೋದನ್ನ ಹೇಳುತ್ತೆ. ಎಲ್ಲಿದ್ದೀಯ ಅಂತ ಕೇಳಿದ್ರೆ ನಿಜ ಹೇಳುತ್ತೆ. ನಿಮ್ಮ ತಮ್ಮನ ಹಾಗೆ. ಅವನೂ ಫೋನಲ್ಲಿ ಒಂದು ಹೇಳ್ತಾನೆ, ನಿಂತಿರೋದು ಇನ್ನೊಂದು ಕಡೆ."

ಪತ್ತೇದಾರರು ತಲೆಯಾಡಿಸಿದರು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆದವರು ಅವರು. ಇಂಥ ಮಾತು ಅವರಿಗೆ ಬೇಗ ಹತ್ತುತ್ತಿತ್ತು.

"ಅಂದ್ರೆ, ದಾರಿ ಮೂವತ್ತೆರಡು ಮುಕ್ಕಾಲು ಕಿಲೋಮೀಟರು ಅಂತ ಬೋರ್ಡಿದೆ. ಬಸ್ಸು ಇಪ್ಪತ್ತೊಂಬತ್ತರಲ್ಲೇ ನಿಂತುಬಿಟ್ಟಿದೆ. ಈಗ ಬಸ್ಸು ಕೆಟ್ಟಿದೆಯೋ, ರಸ್ತೆನೇ ಇಲ್ಲವೋ?"

"ರಸ್ತೆನೇ ಇಲ್ಲ," ಎಂದಳು ಹುಡುಗಿ. ಮೂರು ದಿನದಲ್ಲಿ ತನ್ನ ಮಾತು ಅರ್ಥವಾದ ಮೊದಲ ಮನುಷ್ಯನನ್ನು ಅವಳು ಕಣ್ತುಂಬ ನೋಡಿದಳು.

"ರಸ್ತೆ ಅಗೆದವನು ಬೋರ್ಡು ಬದಲಾಯಿಸಿಲ್ಲ."

"ಅದೇ ಸಾರ್."

ಬಾಗಿಲ ಬಳಿ ನಿಂತಿದ್ದ ಧ್ವನಿ ಸಂಪಾದಕ ಗಂಟಲು ಸರಿಮಾಡಿಕೊಂಡ. ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೆಮ್ಮು, ಸೀನು, ಪುಟ ತಿರುವುವ ಸದ್ದು, ಎಲ್ಲವನ್ನೂ ಓದುಗರ ಧ್ವನಿಯಿಂದ ಕತ್ತರಿಸಿ ತೆಗೆಯುವುದು ಅವನ ಕೆಲಸ. ಸ್ವಾಭಾವಿಕವಾಗಿಯೇ ಎರಡನೆಯ ಅನುಮಾನ ಅವನ ಮೇಲಿತ್ತು.

"ನಾನು ಕತ್ತರಿಸಿದ್ರೆ ಬೋರ್ಡೂ ಬದಲಾಗುತ್ತೆ," ಎಂದ ಅವನು, ಸ್ವಲ್ಪ ನೊಂದುಕೊಂಡು. "ಎಡಿಟಿಂಗ್ ಸಾಫ್ಟ್‌ವೇರಲ್ಲಿ ಕತ್ತರಿಸಿ ಉಳಿಸಿದ್ರೆ ಹೊಸ ಉದ್ದ ತಾನಾಗೇ ಬರೆದುಕೊಳ್ಳುತ್ತೆ. ನಾನು ಮಾಡಿದ ಗಾಯ ಯಾರಿಗೂ ಕಾಣಲ್ಲ. ಇದು ನೋಡಿ, ಮಾತಿನ ಮಧ್ಯೆ ಕಿತ್ತಿದಾರೆ. ಉಸಿರನ್ನೂ ಬಿಟ್ಟಿಲ್ಲ. ಇಂಥ ಕೆಲಸ ನನ್ನದು ಅಂದ್ರೆ ನನಗೇ ಅವಮಾನ."

"ಏನಂತೆ?" ಎಂದರು ಪತ್ತೇದಾರರು.

"ತಾನು ಇದಕ್ಕಿಂತ ಒಳ್ಳೆ ಕಳ್ಳ ಅಂತಿದಾನೆ," ಎಂದರು ಹೆಂಡತಿ.

ಪತ್ತೇದಾರರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಧ್ವನಿಮುದ್ರಣ. ಕಾದಂಬರಿಗಾರ್ತಿಯ ಬಲಗೈ ಮುರಿದು ಪಟ್ಟಿಯಲ್ಲಿದ್ದುದರಿಂದ ಕೊನೆಯ ಅಧ್ಯಾಯವನ್ನು ಅವರು ಬರೆದೇ ಇರಲಿಲ್ಲ, ಮೈಕಿನ ಮುಂದೆ ಕೂತು ಬಾಯಲ್ಲೇ ಹೇಳಿದ್ದರು. ಕತ್ತರಿ ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ರೂಢಿಯಂತೆ ತನ್ನ ಯಂತ್ರದಿಂದ ಅಳಿಸಿ, ಮೇಲ್ವಿಚಾರಕರ ಮೇಜಿನ ಮೇಲಿಟ್ಟಿದ್ದ. ಮಂಗಳವಾರ ಮಧ್ಯಾಹ್ನ ಹುಡುಗಿ ಅದನ್ನು ಎಲ್ಲ ಪೆಟ್ಟಿಗೆಗಳಿಗೆ ಕಳಿಸಿದ್ದಳು. ನಡುವೆ ಒಂದು ದಿನ ಪೆನ್‌ಡ್ರೈವು ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತೆಂದು ಎಲ್ಲರ ನಂಬಿಕೆ.

ಕಾದಂಬರಿಗಾರ್ತಿಯನ್ನೇ ಕೇಳಿದರಾಯಿತಲ್ಲ ಎಂದು ಬೆಳಿಗ್ಗೆ ಗಂಡಹೆಂಡತಿ ಅವರ ಮನೆಗೂ ಹೋಗಿ ಬಂದಿದ್ದರು. ಆಕೆ ದಿಂಬಿಗೆ ಒರಗಿ ಬಹಳ ಹೊತ್ತು ಯೋಚಿಸಿ, "ಏಳು ಜನರ ಮೇಲೆ ಅನುಮಾನ ಹುಟ್ಟಿಸಿದ್ದೆ. ಯಾರನ್ನ ಹಿಡಿದೆ ಅಂತ ಮರೆತೇಹೋಯ್ತಲ್ಲ," ಎಂದಿದ್ದರು. ಆಮೇಲೆ ತಮ್ಮ ನಲವತ್ತನೆಯ ಮತ್ತು ಕೊನೆಯ ಪುಸ್ತಕ ಅದು ಎಂದು ನೆನಪಾಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಪತ್ತೇದಾರರಿಗೆ ಆ ಮಾತು ಕೇಳಿಸಿರಲಿಲ್ಲ, ಆದರೆ ಆ ಬೆನ್ನು ಕಂಡಿತ್ತು. ಅದಕ್ಕೇ ಅವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದರು.

"ಜನ ಎಲ್ಲಿವರೆಗೆ ಕೇಳಿದಾರೆ ಅಂತ ನಿನಗೆ ಗೊತ್ತಾಗುತ್ತಾ?" ಎಂದು ಅವರು ಕೇಳಿದರು.

"ಗೊತ್ತಾಗುತ್ತೆ. ತುಂಬ ಜನ ಕೇಳ್ತಾ ಕೇಳ್ತಾ ನಿದ್ದೆ ಹೋಗ್ತಾರೆ. ಮತ್ತೆ ಹಾಕಿದಾಗ ಬಿಟ್ಟಲ್ಲಿಂದಲೇ ಶುರುವಾಗಲಿ ಅಂತ ಪೆಟ್ಟಿಗೆ ಹತ್ತು ಸೆಕೆಂಡಿಗೊಮ್ಮೆ ತಾನಿರೋ ಜಾಗವನ್ನ ಇಲ್ಲಿಗೆ ತಿಳಿಸುತ್ತೆ."

"ತೋರಿಸು."

ಅವಳು ತೋರಿಸಲಿಲ್ಲ. ಮೇಲ್ವಿಚಾರಕರ ಕಡೆ ನೋಡಿದಳು, ಕತ್ತರಿಯ ಕಡೆ ನೋಡಿದಳು, ಉಗುರು ಕಚ್ಚಿದಳು.

"ಅದರಲ್ಲೊಂದು ತಪ್ಪಿದೆ," ಎಂದಳು ಕೊನೆಗೆ. "ನನ್ನದೇ ತಪ್ಪಿರಬೇಕು. ಯಾರಿಗೂ ಹೇಳಿಲ್ಲ. ಎರಡು ದಿನದಿಂದ ಹುಡುಕ್ತಿದೀನಿ, ಸಿಗ್ತಿಲ್ಲ."

ಅವಳು ಪಟ್ಟಿ ತೆರೆದಳು. ಕೊನೆಯ ಅಧ್ಯಾಯವನ್ನು ಕೇಳಿದವರ ಸಾಲು. ಸದಸ್ಯ ಸಂಖ್ಯೆ, ಎದುರಿಗೆ ನಿಂತ ಜಾಗ. 29:12. 29:12. 29:12. ಒಬ್ಬರು ನಾಲ್ಕನೆಯ ನಿಮಿಷಕ್ಕೇ ನಿದ್ದೆ ಹೋಗಿದ್ದರು. ಮತ್ತೆ 29:12, 29:12.

ಪತ್ತೇದಾರರ ಬೆರಳು ಸಾಲಿನ ಮೇಲೆ ಜಾರುತ್ತ ಬಂದು ಏಳನೆಯ ಸಂಖ್ಯೆಯ ಬಳಿ ನಿಂತಿತು.

31:58.

"ಇದೇ," ಎಂದಳು ಹುಡುಗಿ ಸಣ್ಣ ದನಿಯಲ್ಲಿ. "ಇಪ್ಪತ್ತೊಂಬತ್ತಕ್ಕೆ ಮುಗಿದುಹೋಗೋ ಫೈಲಲ್ಲಿ ಮೂವತ್ತೊಂದು ಐವತ್ತೆಂಟು ಹೇಗೆ ಬರುತ್ತೆ? ಭಾಗಾಕಾರದಲ್ಲಿ ಎಡವಿದೀನೇನೋ ಅಂತ ನಾಚಿಕೆ ಆಯ್ತು."

ಪತ್ತೇದಾರರು ಕನ್ನಡಕ ತೆಗೆದು ಒರೆಸಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅದರರ್ಥವನ್ನು ಅರಿತಿದ್ದ ಹೆಂಡತಿ ಕೈಚೀಲವನ್ನು ಹೆಗಲಿಗೆ ಏರಿಸಿ ಸಿದ್ಧರಾದರು.

"ನಿನ್ನ ಭಾಗಾಕಾರ ಚೆನ್ನಾಗೇ ಇದೆ ಮಗಳೇ," ಎಂದರು ಪತ್ತೇದಾರರು. "ರಸ್ತೆ ಅಗೆಯೋಕೆ ಮುಂಚೆಯೇ ಆ ಕಡೆ ಹೋಗಿ ಬಂದವರೊಬ್ಬರಿದ್ದಾರೆ. ದಿನ ಯಾವುದು ನೋಡು."

"ಸೋಮವಾರ. ಮಧ್ಯಾಹ್ನ ಮೂರೂ ಇಪ್ಪತ್ತು." ಅವಳ ಕಣ್ಣು ಅಗಲವಾಯಿತು. "ನಾನು ಎಲ್ಲರಿಗೂ ಕಳಿಸಿದ್ದು ಮಂಗಳವಾರ."

"ಏಳನೇ ನಂಬರು ಯಾರದು?"

ಉತ್ತರ ಕೊಟ್ಟವರು ಮೇಲ್ವಿಚಾರಕರು. ಅವರ ದನಿ ಇಳಿದಿತ್ತು. "ಬೆಣ್ಣೆಗಂಟಲಿನವರದು. ಪುಸ್ತಕ ಓದಿಕೊಡೋರು ಅಂತ ಅವರಿಗೂ ಒಂದು ಪೆಟ್ಟಿಗೆ ಕೊಟ್ಟಿದ್ವಿ."

ಅರ್ಧ ಗಂಟೆಯಲ್ಲಿ ಬೆಣ್ಣೆಗಂಟಲು ಬಂದರು. ಒಂದು ಕಾಲದಲ್ಲಿ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ನಿವೃತ್ತಿಯ ನಂತರ ಈ ಗ್ರಂಥಾಲಯಕ್ಕಾಗಿ ಕಾದಂಬರಿಗಾರ್ತಿಯ ಮೂವತ್ತೊಂಬತ್ತು ಪುಸ್ತಕಗಳನ್ನೂ, ನಲವತ್ತನೆಯದರ ಕೊನೆಯ ಅಧ್ಯಾಯ ಬಿಟ್ಟು ಉಳಿದದ್ದನ್ನೂ ಓದಿದವರು. ಸೆಕೆಯ ದಿನದಲ್ಲೂ ಕೊರಳಿಗೆ ಮಫ್ಲರ್. ಅವರು "ನಮಸ್ಕಾರ" ಎಂದರೆ ಸಾಕು, ಎದುರಿಗಿದ್ದವರ ಭುಜ ತಾನಾಗಿ ಸಡಿಲವಾಗುತ್ತಿತ್ತು. ಮೇಲ್ವಿಚಾರಕರು ಎದ್ದು ಕುರ್ಚಿ ಕೊಟ್ಟರು. ಕತ್ತರಿ ಚಹಾ ತಂದ. ಹುಡುಗಿ ಕೂಡ ಅರೆಕ್ಷಣ ತನ್ನ ಸಂಕಟ ಮರೆತಳು.

ಆ ಕಂಠದ ಮಾಯೆ ತಟ್ಟದೆ ಉಳಿದ ಒಬ್ಬನೇ ಮನುಷ್ಯ ಅವರ ಎದುರಿಗೆ ಕೂತಿದ್ದ.

"ಸೋಮವಾರ ಮಧ್ಯಾಹ್ನ ಏನು ಮಾಡ್ತಿದ್ರಿ?" ಎಂದು ಪತ್ತೇದಾರರು ಕೇಳಿದರು.

"ನಾನು ಆ ದಿನ ನನ್ನ ನಿವಾಸದಲ್ಲಿ ವಿಶ್ರಾಂತಿ ಪಡೆಯುತ್ತಿದ್ದೆ," ಎಂದರು ಬೆಣ್ಣೆಗಂಟಲು. ಅವರು ಮನೆಯಲ್ಲಿ ಉಪ್ಪು ಕೇಳುವಾಗಲೂ ವಾರ್ತೆಯ ಭಾಷೆಯಲ್ಲೇ ಕೇಳುತ್ತಾರೆಂದು ಪ್ರತೀತಿ.

"ಕೊನೆ ಅಧ್ಯಾಯ ಕೇಳಿದ್ರಾ?"

"ಇಲ್ಲ. ಇತರರ ವಾಚನವನ್ನು ನಾನು ಆಲಿಸುವುದಿಲ್ಲ. ಅದರಿಂದ ಕಂಠಕ್ಕೆ ಹಾನಿ."

"ಏನಂತೆ?"

"ಮನೇಲಿ ಮಲಗಿದ್ರಂತೆ, ಕೇಳಿಲ್ಲವಂತೆ. ಅರ್ಧ ಸುಳ್ಳು, ಉಳಿದರ್ಧ ಮಫ್ಲರು," ಎಂದರು ಹೆಂಡತಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಪತ್ತೇದಾರರು ಪರದೆಯನ್ನು ಅವರ ಕಡೆ ತಿರುಗಿಸಿ ಏಳನೆಯ ಸಾಲನ್ನು ತೋರಿಸಿದರು. ಬೆಣ್ಣೆಗಂಟಲು ಚಹಾದ ಲೋಟವನ್ನು ಮೆಲ್ಲನೆ ಕೆಳಗಿಟ್ಟರು.

"ಇದು ಯಂತ್ರದ ದೋಷವಿರಬಹುದು ಎಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ."

"ಯಾವ ತಜ್ಞರು?"

ಬೆಣ್ಣೆಗಂಟಲು ಮೇಲ್ವಿಚಾರಕರ ಕಡೆ ನೋಡಿದರು. ಮೇಲ್ವಿಚಾರಕರು ಛಾವಣಿಯ ಕಡೆ ನೋಡಿದರು.

ಪತ್ತೇದಾರರು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವರ ತೋಳು ಮುಟ್ಟಿ ತಡೆದರು. ಕೈಚೀಲದಿಂದ ಕರವಸ್ತ್ರ ತೆಗೆದು, ಯಾರನ್ನೂ ನೋಡದೆ, ಮದುವೆಮನೆಯಲ್ಲಿ ಮಾತಿಗೆ ಕೂತವರ ಹಾಗೆ ಹೇಳಿದರು.

"ಇರಲಿ ಬಿಡಿ. ಬೆಳಿಗ್ಗೆ ಕಾದಂಬರಿಗಾರ್ತಿಯವರ ಮನೆಗೆ ಹೋಗಿದ್ವಿ. ಕೊನೆ ಅಧ್ಯಾಯದಲ್ಲಿ ನಿಮ್ಮನ್ನೇ ಮನಸ್ಸಲ್ಲಿಟ್ಟುಕೊಂಡು ಒಂದು ಪಾತ್ರ ಮಾಡಿದಾರಂತೆ. ಬಹಳ ಸಜ್ಜನನಂತೆ. ಓದಿದವರು ಕೈಮುಗೀಬೇಕು, ಹಾಗಿದೆಯಂತೆ."

ಅಂಥ ಮಾತನ್ನು ಆ ಹಿರಿಯ ಜೀವ ಆಡಿರಲೇ ಇಲ್ಲ.

ಬೆಣ್ಣೆಗಂಟಲಿನ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತ ಬಂತು. ಮಫ್ಲರನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡರು.

"ಸಜ್ಜನ ಅಂತೆ. ಯಾರು ಸಜ್ಜನ? ಬೆಳಿಗ್ಗೆ ಎದ್ದು ಜೇನುನೀರಲ್ಲಿ ಬಾಯಿ ಮುಕ್ಕಳಿಸ್ತಾನಂತೆ. ಕನ್ನಡಿ ಮುಂದೆ ನಿಂತು ತನ್ನ ಹೆಸರನ್ನ ತಾನೇ ಮೂರು ಸಲ ಹೇಳ್ಕೊಳ್ತಾನಂತೆ. ಸೆಕೇಲೂ ಮಫ್ಲರ್ ಅಂತೆ. ಅವನ ಹೆಸರು ಅಂತ ಶುರುಮಾಡಿ ಎರಡೂವರೆ ನಿಮಿಷ ಹೆಸರೇ ಹೇಳದೆ ಇದನ್ನೇ ಹೇಳಿದಾಳೆ. ಮೂವತ್ತೊಂಬತ್ತು ಪುಸ್ತಕ ಓದಿದೀನಿ ಅವಳದು. ಒಂದೊಂದು ಕೊಲೆಗೂ ಒಂದೊಂದು ದನಿ ತೆಗೆದಿದೀನಿ. ಅದಕ್ಕೆ ಇದಾ ಮರ್ಯಾದೆ?"

ವಾರ್ತೆಯ ಭಾಷೆ ಎಲ್ಲಿ ಕಳಚಿ ಬಿತ್ತೆಂದು ಅವರಿಗೇ ತಿಳಿದಿರಲಿಲ್ಲ. ತಿಳಿದಾಗ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಏನಂತೆ?" ಎಂದರು ಪತ್ತೇದಾರರು.

"ಕೇಳಿದಾರಂತೆ," ಎಂದರು ಹೆಂಡತಿ.

ಆಮೇಲಿನದು ಸುಲಭವಾಗಿಯೇ ಬಂತು. ಕೊನೆಯ ಅಧ್ಯಾಯವನ್ನು ತಮಗೆ ಕೊಡದೆ ಆಕೆ ತಾನೇ ಹೇಳಿದಳೆಂಬ ಸಂಕಟ ಅವರಿಗೆ. ಸೋಮವಾರ ಮೇಲ್ವಿಚಾರಕರು ಊಟಕ್ಕೆ ಹೋದಾಗ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ಅಧ್ಯಾಯವನ್ನು ನಕಲು ಮಾಡುವುದು ತಿಳಿಯದೆ ಪೂರ್ತಿಯಾಗಿ ತಮ್ಮ ಪೆಟ್ಟಿಗೆಗೆ ಸಾಗಿಸಿ ಕೇಳಿದರು. 31:58ರಲ್ಲಿ ಸಹಿಸಲಾಗದೆ ಗುಂಡಿ ಒತ್ತಿ ನಿಲ್ಲಿಸಿದರು.

"ಮುಂದಿನ ನಲವತ್ತೆಂಟು ಸೆಕೆಂಡು?"

"ಕೇಳಲಿಲ್ಲ. ಹೆಸರು ಹೇಳೋದನ್ನ ಕೇಳೋ ಧೈರ್ಯ ಆಗಲಿಲ್ಲ." ಬೆಣ್ಣೆಯಂಥ ಕಂಠದಲ್ಲಿ ಗೊರಗೊರ ಸೇರಿತ್ತು. "ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಪೆನ್‌ಡ್ರೈವಲ್ಲಿ ಏನೂ ಇಲ್ಲ. ಪೆಟ್ಟಿಗೆಯಿಂದ ಮತ್ತೆ ಅದಕ್ಕೆ ಹಾಕ್ತಿದ್ದೆ. ಹತ್ತರಲ್ಲಿ ಒಂಬತ್ತು ಪಾಲು ಆಗಿತ್ತು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಗಾಬರಿಯಲ್ಲಿ ಕಿತ್ತುಬಿಟ್ಟೆ. ಆಗಿಹೋಗಿರುತ್ತೆ ಅಂದುಕೊಂಡು ತಂದು ಇವರ ಮೇಜಿನ ಮೇಲಿಟ್ಟೆ. ನಾನು ಕತ್ತರಿಸಲಿಲ್ಲ. ನನಗೆ ಸೌತೆಕಾಯಿ ಕತ್ತರಿಸೋಕೂ ಬರಲ್ಲ."

ಕತ್ತರಿ ಗೋಡೆಗೆ ಒರಗಿ ದೀರ್ಘವಾಗಿ ಉಸಿರುಬಿಟ್ಟ. ಹುಡುಗಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದಕ್ಕೆ ದಾರಿ ಬಿಡುವುದೆಂದು ತಿಳಿಯದೆ ಬಿಕ್ಕಳಿಕೆ ಶುರುವಾಯಿತು.

"ಅರ್ಧಕ್ಕೆ ಕಿತ್ತರೆ ಹೀಗೇ ಆಗೋದು," ಎಂದಳು ಬಿಕ್ಕಳಿಸುತ್ತಲೇ. "ತಲೆ ಮೊದಲು ಹೋಗುತ್ತೆ, ಅದರಲ್ಲಿ ಪೂರ್ತಿ ಉದ್ದ ಬರೆದಿರುತ್ತೆ. ಬಾಲ ಹಿಂದೆ ಉಳೀತು. ಸಾರ್, ಹಾಗಾದ್ರೆ ಪೂರ್ತಿ ಫೈಲು ಇವರ ಪೆಟ್ಟಿಗೆಯಲ್ಲೇ ಇದೆ."

"ಇದೆ," ಎಂದರು ಬೆಣ್ಣೆಗಂಟಲು. "ಬೀರುವಿನಲ್ಲಿಟ್ಟು ಬೀಗ ಹಾಕಿದೀನಿ. ಹೆಂಡತಿ ಭಾನುವಾರದಿಂದ ಮಗಳ ಮನೇಲಿದಾಳೆ. ಮನೆಗೂ ಬೀಗ. ಎರಡು ಬೀಗದ ಕೈಯೂ ಇಲ್ಲಿದೆ."

ಅವರು ಜೇಬಿನಿಂದ ಬೀಗದ ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಲ್ವಿಚಾರಕರು ಗಡಿಯಾರ ನೋಡಿದರು. ಎರಡೂ ಹತ್ತು. ಬೆಣ್ಣೆಗಂಟಲಿನ ಮನೆ ಇಲ್ಲಿಂದ ಕಾಲು ಗಂಟೆಯ ದಾರಿ. ಮೂರು ದಿನದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಊಟ ಮಾಡಬಹುದೆಂಬ ಕಳೆ ಬಂತು. ಹುಡುಗಿಯ ಕಡೆ ತಿರುಗಿ, "ನಾನು ಸ್ವಲ್ಪ ಜಾಸ್ತಿ ಮಾತಾಡಿದೆ ಅನ್ಸುತ್ತೆ," ಎಂದರು.

ಅವಳ ಬಿಕ್ಕಳಿಕೆ ನಿಂತುಹೋಗಿತ್ತು. ಅವಳು ಪರದೆಯನ್ನೇ ನೋಡುತ್ತಿದ್ದಳು.

ಏಳನೆಯ ಸಾಲು ಹಸಿರಾಗಿತ್ತು.

"ಇದೇನು ಬಣ್ಣ?" ಎಂದರು ಪತ್ತೇದಾರರು.

"ಈಗ ಕೇಳ್ತಿದಾರೆ ಅಂತ."

"ಯಾರು?"

31:58 ಇದ್ದ ಜಾಗದಲ್ಲಿ 32:08 ಬಂದಿತ್ತು. ಎಲ್ಲರೂ ಬಾಗಿ ನೋಡುತ್ತಿದ್ದಂತೆಯೇ 32:18 ಆಯಿತು.

"ಬಿಟ್ಟಲ್ಲಿಂದ ಶುರುವಾಗಿದೆ," ಎಂದಳು ಹುಡುಗಿ. "ಯಾರೋ ಗುಂಡಿ ಒತ್ತಿದಾರೆ."

ಬೆಣ್ಣೆಗಂಟಲು ಮೇಜಿನ ಮೇಲಿದ್ದ ಬೀಗದ ಕೈಗಳನ್ನು ಮುಟ್ಟಿ ನೋಡಿದರು. ಒಂದು, ಎರಡು. ಎರಡೂ ಇದ್ದವು.

"ನಿಮ್ಮ ಮನೆ ಫೋನ್ ನಂಬರು ಹೇಳಿ," ಎಂದರು ಪತ್ತೇದಾರರ ಹೆಂಡತಿ. ಆಗಲೇ ಅವರ ಕೈಯಲ್ಲಿ ಮೇಜಿನ ಫೋನಿತ್ತು. ಬೆಣ್ಣೆಗಂಟಲು ಹೇಳಿದರು, ಒಂದು ಅಂಕಿ ತಪ್ಪಿ, ಮತ್ತೆ ಸರಿಯಾಗಿ ಹೇಳಿದರು.

ಗಂಟೆ ಒಂದು ಸಲ ಹೋಯಿತು. ಎರಡನೆಯ ಸಲ ಪೂರ್ತಿಯಾಗಲಿಲ್ಲ. ಆ ಕಡೆ ಯಾರೋ ಫೋನನ್ನು ಎತ್ತಿದರು. ಹಲೋ ಎನ್ನಲಿಲ್ಲ. ಎತ್ತಿ ಪಕ್ಕಕ್ಕೆ ಇಟ್ಟರು, ಅಷ್ಟೇ. ಮರದ ಮೇಲೆ ಫೋನು ತಗುಲಿದ ಸದ್ದು ಹೆಂಡತಿಗೆ ಕೇಳಿಸಿತು.

32:28.

"ಏನು ಕೇಳಿಸ್ತಿದೆ?" ಎಂದರು ಪತ್ತೇದಾರರು.

ಹೆಂಡತಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅವರ ಹುಬ್ಬು ಗಂಟಿಕ್ಕಿತು. ಇಡೀ ಕೋಣೆ ಅವರ ಮುಖವನ್ನೇ ನೋಡುತ್ತ ಕೂತಿತು.

"ಪೆಟ್ಟಿಗೆ ಓಡ್ತಿದೆ. ಓದ್ತಿದಾರೆ," ಎಂದರು. ಆಮೇಲೆ, ಗಂಡನಿಗೆ ಕೇಳಲೆಂದು, ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. "'ಹೌದು, ಕೊಂದವನು ನಾನೇ. ನನ್ನ ಹೆಸರು ನಿಮಗೆಲ್ಲ ಗೊತ್ತು.'"

"ಆಕೆ ಹಾಗೆ ಓದ್ತಿದಾರಾ?"

"ಇಲ್ಲರೀ. ಇದು ಆಕೆಯ ಧ್ವನಿ ಅಲ್ಲ. ಗಂಡಸಿನದು."

"ಯಾರದು?"

ಹೆಂಡತಿ ಫೋನನ್ನು ಕಿವಿಯಿಂದ ತೆಗೆಯದೆ ಮೆಲ್ಲನೆ ತಿರುಗಿ, ಮೇಜಿನ ಆ ಬದಿಯಲ್ಲಿ ಮಫ್ಲರನ್ನು ಎರಡೂ ಕೈಯಲ್ಲಿ ಹಿಂಡುತ್ತ, ತುಟಿ ಬಿಗಿಹಿಡಿದು ಕೂತಿದ್ದ ಬೆಣ್ಣೆಗಂಟಲಿನ ಕಡೆಗೆ ಬೆರಳು ತೋರಿಸಿದರು.